ದಿ ಫ್ಯಾಗಟ್ಸ್ ಅಂಡ್ ದೇರ್ ಫ್ರೆಂಡ್ಸ್ ಬಿಟ್ವೀನ್ ರೆವಲ್ಯೂಷನ್ಸ್

ದಿ ಫ್ಯಾಗಟ್ಸ್ ಅಂಡ್ ದೇರ್ ಫ್ರೆಂಡ್ಸ್ ಬಿಟ್ವೀನ್ ರೆವಲ್ಯೂಷನ್ಸ್ ಅಮೆರಿಕದ ಲೇಖಕ ಲ್ಯಾರಿ ಮಿಚೆಲ್ (೧೯೩೯–೨೦೧೨) ರಚಿಸಿದ ಇಂಗ್ಲಿಷ್ ಕಥನಕೃತಿ. ನೆಡ್ ಆಸ್ಟಾ ಅವರ ರೇಖಾಚಿತ್ರಗಳೊಂದಿಗೆ ಇದು ೧೯೭೭ರಲ್ಲಿ ಪ್ರಕಟವಾಯಿತು. ‘ಫ್ಯಾಗಟ್’ ಎಂಬುದು ಸಲಿಂಗಿ ಪುರುಷರನ್ನು ಹೀಯಾಳಿಸಲು ಬಳಸುವ ಬೈಗುಳ. ಮಿಚೆಲ್ ಅದನ್ನೇ ತಮ್ಮ ಕಥಾನಾಯಕರ ಹೆಸರಾಗಿ ಎತ್ತಿಕೊಂಡಿದ್ದಾರೆ.

ಹಿನ್ನೆಲೆ

೧೯೬೯ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ಸ್ಟೋನ್‌ವಾಲ್ ದಂಗೆಯ ನಂತರ ಸಲಿಂಗಿ ವಿಮೋಚನಾ ಚಳವಳಿಯಲ್ಲಿ ಎರಡು ಧಾರೆಗಳು ಕಾಣಿಸಿಕೊಂಡವು. ಒಂದು ಧಾರೆ ಇರುವ ಸಮಾಜದೊಳಗೆ ಸಮಾನ ಹಕ್ಕುಗಳನ್ನು ಕೇಳಿತು. ಮತ್ತೊಂದು, ಪುರುಷಾಧಿಕಾರ, ಯುದ್ಧ ಮತ್ತು ಖಾಸಗಿ ಆಸ್ತಿಯ ಮೇಲೆ ನಿಂತ ಸಮಾಜದಲ್ಲಿ ಪಾಲು ಪಡೆಯುವುದರಿಂದ ಬಿಡುಗಡೆ ದೊರೆಯುವುದೇ ಎಂದು ಪ್ರಶ್ನಿಸಿತು. ಈ ಕೃತಿ ಎರಡನೆಯ ಧಾರೆಗೆ ಸೇರಿದ್ದು. ಮಿಚೆಲ್ ಮತ್ತು ಆಸ್ಟಾ ಇಬ್ಬರೂ ನ್ಯೂಯಾರ್ಕ್ ರಾಜ್ಯದ ಇಥಾಕಾ ಸಮೀಪದ ಲ್ಯಾವೆಂಡರ್ ಹಿಲ್ ಎಂಬ ಸಾಮೂಹಿಕ ವಸತಿಯ ಒಡನಾಡಿಗಳು. ಪುಸ್ತಕದಲ್ಲಿ ಬರುವ ಕೂಡುಬಾಳ್ವೆಯ ಚಿತ್ರಗಳಿಗೆ ಆ ಬದುಕೇ ಆಧಾರ. ಕೃತಿಯನ್ನು ಹೊರತಂದದ್ದು ಮಿಚೆಲ್ ತಾವೇ ಸ್ಥಾಪಿಸಿದ ಕ್ಯಾಲಮಸ್ ಬುಕ್ಸ್ ಎಂಬ ಕಿರು ಪ್ರಕಾಶನ.

ವಸ್ತು

ಕಥೆ ನಡೆಯುವುದು ರಾಮ್‌ರಾಡ್ ಎಂಬ, ಅವನತಿಯ ಹಾದಿ ಹಿಡಿದ ಕಾಲ್ಪನಿಕ ಸಾಮ್ರಾಜ್ಯದಲ್ಲಿ. ಅಲ್ಲಿ ಆಳುವವರನ್ನು ‘ಗಂಡಸರು’ ಎಂದಷ್ಟೇ ಕರೆಯಲಾಗಿದೆ. ಕ್ರಾಂತಿಗಳು ಆಗಿಹೋಗಿವೆ, ಆದರೆ ಫ್ಯಾಗಟ್‌ಗಳಿಗೂ ಅವರ ಗೆಳೆಯ ಗೆಳತಿಯರಿಗೂ ಸ್ವಾತಂತ್ರ್ಯ ಬಂದಿಲ್ಲ. ಮುಂದಿನ ಕ್ರಾಂತಿಯವರೆಗೆ ಬದುಕಿ ಉಳಿಯುವುದು ಹೇಗೆ ಎಂಬುದೇ ಕೃತಿಯ ಕೇಂದ್ರ ಪ್ರಶ್ನೆ. ಹಂಚಿ ಉಣ್ಣುವುದು, ಕಥೆ ಹೇಳುವುದು, ಒಬ್ಬರನ್ನೊಬ್ಬರು ಉಪಚರಿಸುವುದು ಇಲ್ಲಿ ಪ್ರತಿರೋಧದ ರೂಪಗಳಾಗುತ್ತವೆ. ಬರವಣಿಗೆ ಕಾದಂಬರಿಯಂತೆ ಒಂದೇ ಎಳೆಯಲ್ಲಿ ಸಾಗದೆ, ನೀತಿಕಥೆ ಮತ್ತು ಸೂಕ್ತಿಗಳನ್ನು ಹೋಲುವ ಬಿಡಿ ತುಣುಕುಗಳಲ್ಲಿ ಸಾಗುತ್ತದೆ. ಪುಸ್ತಕದಲ್ಲಿ ‘ಕ್ವಿಯರ್ ಪುರುಷರು’ ಎಂದರೆ ತಮ್ಮ ಒಲವನ್ನು ಮರೆಮಾಚಿ ಆಳುವವರ ನಡುವೆ ಸೇರಿಕೊಂಡವರು. ಇಂದು ‘ಕ್ವಿಯರ್’ ಎಂಬ ಪದ ಇಡೀ ಸಮುದಾಯದ ಹೆಮ್ಮೆಯ ಗುರುತಾಗಿರುವುದರಿಂದ, ಹೊಸ ಓದುಗರು ಇಲ್ಲಿ ಗೊಂದಲಕ್ಕೀಡಾಗುವುದು ಸಹಜ.

ಪ್ರಭಾವ

ಕೃತಿ ಬಹುಕಾಲ ಮುದ್ರಣದಲ್ಲಿರಲಿಲ್ಲ. ೧೯೮೦ರ ದಶಕದಿಂದ ಏಡ್ಸ್ ಕಾಯಿಲೆ ಮಿಚೆಲ್ ಅವರ ಪೀಳಿಗೆಯ ಅಸಂಖ್ಯ ಸಲಿಂಗಿ ಪುರುಷರನ್ನು ಬಲಿ ತೆಗೆದುಕೊಂಡಿತು. ಇಂಥ ಪುಸ್ತಕವನ್ನು ಕಿರಿಯರ ಕೈಗೆ ದಾಟಿಸಬೇಕಿದ್ದ ಹಿರಿಯರೇ ಇಲ್ಲವಾದರು. ಆದರೂ ಜೆರಾಕ್ಸ್ ಪ್ರತಿಗಳಾಗಿ, ಮುಂದೆ ಸ್ಕ್ಯಾನ್ ಮಾಡಿದ ಕಡತಗಳಾಗಿ ಅದು ಕೈಯಿಂದ ಕೈಗೆ ಸಾಗಿತು. ವಿವಾಹದ ಹಕ್ಕು, ಸೇನೆಗೆ ಸೇರುವ ಹಕ್ಕುಗಳೇ ಚಳವಳಿಯ ಮುಖ್ಯ ಬೇಡಿಕೆಗಳಾದ ಕಾಲದಲ್ಲಿ, ಅದಕ್ಕಿಂತ ಭಿನ್ನವಾದ ದಾರಿಯನ್ನು ಅರಸುತ್ತಿದ್ದ ಯುವ ಕಾರ್ಯಕರ್ತರು ಇದನ್ನು ಮತ್ತೆ ಓದತೊಡಗಿದರು.

೨೦೧೯ರಲ್ಲಿ ನೈಟ್‌ಬೋಟ್ ಬುಕ್ಸ್ ಕೃತಿಯನ್ನು ಮರುಮುದ್ರಿಸಿತು. ಕಲಾವಿದರಾದ ಮಾರ್ಗನ್ ಬಸ್ಸಿಚಿಸ್ ಮತ್ತು ಟೂರ್ಮಲೀನ್ ಇದಕ್ಕೆ ಮುನ್ನುಡಿಗಳನ್ನು ಬರೆದಿದ್ದಾರೆ. ೨೦೨೩ರಲ್ಲಿ ಸಂಗೀತ ಸಂಯೋಜಕ ಫಿಲಿಪ್ ವೆನಬಲ್ಸ್ ಮತ್ತು ನಿರ್ದೇಶಕ ಟೆಡ್ ಹಫ್‌ಮನ್ ಇದನ್ನು ಸಂಗೀತ ನಾಟಕವಾಗಿ ರೂಪಾಂತರಿಸಿದರು. ಮ್ಯಾಂಚೆಸ್ಟರ್ ಅಂತರರಾಷ್ಟ್ರೀಯ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಈ ರೂಪಾಂತರ, ಬಳಿಕ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಉತ್ಸವದಲ್ಲೂ ರಂಗಕ್ಕೆ ಬಂದಿತು. ಇದರಲ್ಲಿ ಹಾಡುವವರು, ವಾದ್ಯ ನುಡಿಸುವವರು, ಕಥೆ ಹೇಳುವವರು ಬೇರೆ ಬೇರೆಯಲ್ಲ. ಒಂದೇ ತಂಡ ರಂಗದ ಮೇಲೆ ಎಲ್ಲವನ್ನೂ ಹಂಚಿಕೊಂಡು ನಡೆಸುತ್ತದೆ.