ಸೆಂಟ್ರಲ್‌ನಿಂದ ಪಾರ್ಕ್‌ವರೆಗೆ: ಯಾರಿಗೂ ಸೇರದ ದಾರಿ

ಬೆಂಗಳೂರಿನಿಂದ ಬೃಂದಾವನ್ ಎಕ್ಸ್‌ಪ್ರೆಸ್ ಹತ್ತಿದವರು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಯುವಾಗ ರಾತ್ರಿ ಒಂಬತ್ತರ ಆಸುಪಾಸು. ತಾಂಬರಂ ಕಡೆಯವರು ಅಲ್ಲಿಂದ ರಸ್ತೆಯಾಚೆಯ ಪಾರ್ಕ್ ಸ್ಟೇಷನ್‌ಗೆ ಹೋಗಿ ಲೋಕಲ್ ಹಿಡಿಯಬೇಕು. ಸೆಂಟ್ರಲ್‌ಗೆ ರೈಲ್ವೆ ಪೊಲೀಸರಿದ್ದಾರೆ, ಮೆಟ್ರೊಗೆ ಅದರದೇ ಕಾವಲಿದೆ. ನಡುವಿನ ದಾರಿ ಯಾರ ಸುಪರ್ದಿಗೆ? ಪ್ರಯಾಣಿಕರಿಗೆ ಎಲ್ಲಿ ಭಯ, ಎಲ್ಲಿ ಧೈರ್ಯ ಎಂದು ಹುಡುಕುವ ಅಧ್ಯಯನಗಳು ಈ ದಾರಿಗೆ ಇಳಿದದ್ದು ಕಡಿಮೆ.

ಇಂಥ ಅಧ್ಯಯನಗಳ ಆರಂಭದ ಕಥೆ ಚಿಕ್ಕದು. ಬೀದಿ ಕಾಯುವವರು ಪೊಲೀಸರಿಗಿಂತ ಹೆಚ್ಚಾಗಿ ಅಂಗಡಿಯವರು, ಓಡಾಡುವವರು ಎಂದು 1961ರಲ್ಲಿ ಜೇನ್ ಜೇಕಬ್ಸ್ ವಾದಿಸಿದರು. 1972ರಲ್ಲಿ ಆಸ್ಕರ್ ನ್ಯೂಮನ್ ಕಟ್ಟಡ ವಿನ್ಯಾಸಕ್ಕೂ ಅಪರಾಧಕ್ಕೂ ನಂಟು ಹುಡುಕಿದರು.

ದಿಕ್ಕು ಬದಲಿಸಿದ್ದು ಮಾತ್ರ 1989ರಲ್ಲಿ ಟೊರಾಂಟೊದ ಮೆಟ್ರಾಕ್ ಸಂಸ್ಥೆ ರೂಪಿಸಿದ ಸುರಕ್ಷತಾ ಆಡಿಟ್. ದೆಹಲಿಯ ಮಹಿಳಾ ಸಂಘಟನೆ ಜಾಗೋರಿ ಅದನ್ನು ನಮ್ಮ ಬೀದಿಗಳಿಗೆ ಒಗ್ಗಿಸಿತು. ಕತ್ತಲಾದ ಮೇಲೆ ಹೆಂಗಸರ ಗುಂಪು ಹೊರಡುತ್ತದೆ. ಯಾವ ಕಂಬದ ದೀಪ ಉರಿಯುತ್ತಿಲ್ಲ, ಫುಟ್‌ಪಾತ್ ಎಲ್ಲಿ ಕಡಿದುಹೋಗಿದೆ, ತಿರುವಿನಾಚೆ ಯಾರಾದರೂ ನಿಂತರೆ ಕಾಣುತ್ತದೆಯೇ, ಸುತ್ತ ಬೇರೆ ಹೆಂಗಸರು ಇದ್ದಾರೆಯೇ ಎಂದು ಬರೆದುಕೊಳ್ಳುತ್ತದೆ. 2013ರಲ್ಲಿ ಬಂದ ಸೇಫ್ಟಿಪಿನ್ ಆ್ಯಪ್ ಇದನ್ನೇ ಮೊಬೈಲಿಗೆ ತಂದಿತು. ಅದರ ಒಂಬತ್ತು ಅಂಶಗಳಲ್ಲಿ ಒಂದು, ಆ ಜಾಗದಲ್ಲಿ ನಿಂತಾಗ ಏನನಿಸುತ್ತದೆ ಎಂಬುದು. ಎಂಜಿನಿಯರುಗಳು ಮೂಗು ಮುರಿಯುವ ಈ ಅಂಶವೇ ಆಡಿಟ್ ಪೀಳಿಗೆಯ ದೊಡ್ಡ ಕೊಡುಗೆ.

ಚೆನ್ನೈ ಎಚ್ಚರಗೊಂಡದ್ದು ಸಾವುಗಳಿಂದ. ಕಿರುಕುಳಕ್ಕೆ ಒಳಗಾದ ಕಾಲೇಜು ವಿದ್ಯಾರ್ಥಿನಿಯ ಸಾವಿನ ಬಳಿಕ 1998ರಲ್ಲಿ ಕಾಯ್ದೆ ಬಂತು. 2016ರ ಜೂನ್‌ನಲ್ಲಿ ನುಂಗಂಬಾಕ್ಕಂ ರೈಲು ನಿಲ್ದಾಣದಲ್ಲಿ ಹಾಡಹಗಲೇ ಯುವತಿಯೊಬ್ಬಳ ಕೊಲೆಯಾಯಿತು; ಅಲ್ಲಿ ಒಂದೂ ಸಿಸಿಟಿವಿ ಇರಲಿಲ್ಲ. ಮುಂದೆ ಪೊಲೀಸರ ‘ಮೂರನೇ ಕಣ್ಣು’ ಯೋಜನೆ ಊರ ತುಂಬ ಕ್ಯಾಮೆರಾ ಹಾಕಿಸಿತು. ಚದರ ಕಿಲೋಮೀಟರಿಗೆ 657 ಕ್ಯಾಮೆರಾಗಳೆಂದು ಸರ್ಫ್‌ಶಾರ್ಕ್ ಸಂಸ್ಥೆಯ ಪಟ್ಟಿಯೊಂದು ಚೆನ್ನೈಯನ್ನು ಜಗತ್ತಿಗೇ ಮೊದಲ ಸ್ಥಾನದಲ್ಲಿ ಕೂರಿಸಿತು. ಕ್ಯಾಮೆರಾ ಎಣಿಸುವುದೇ ಸುರಕ್ಷತೆ ಅಳೆಯುವ ವಿಧಾನವಾದದ್ದು ಹೀಗೆ. ಕ್ಯಾಮೆರಾದಿಂದ ಸಾಕ್ಷ್ಯ ಸಿಗುತ್ತದೆ, ನಿಜ. ಆದರೆ ನಗರದ ಎತ್ತರಿಸಿದ ರೈಲು ಮಾರ್ಗವಾದ ಎಂಆರ್‌ಟಿಎಸ್‌ನ ದೈತ್ಯ ನಿಲ್ದಾಣಗಳಲ್ಲಿ, ಅಂಗಡಿಗಳಿಲ್ಲದ ಖಾಲಿ ಮಹಡಿ ದಾಟಿ ಮೆಟ್ಟಿಲಿಳಿಯುವವಳಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಎದುರಿಗೊಬ್ಬ ಹೂ ಮಾರುವವಳು.

2021ರ ಮೇನಲ್ಲಿ ತಮಿಳುನಾಡು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಟ್ಟಿತು. ಅದನ್ನು ಟಿಕೆಟ್ ಉಳಿತಾಯದ ಲೆಕ್ಕದಲ್ಲಷ್ಟೇ ನೋಡಲಾಗುತ್ತದೆ. ನಿಲ್ದಾಣಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದರೆ ಒಬ್ಬಳೇ ಕಾಯುವವಳ ಅಳುಕು ಎಷ್ಟು ಇಳಿಯುತ್ತದೆ ಎಂಬುದೂ ಅಧ್ಯಯನದ ವಸ್ತುವೇ. ಮರುವರ್ಷ ಮಹಾನಗರ ಪಾಲಿಕೆಯಲ್ಲಿ ಲಿಂಗ ಮತ್ತು ನೀತಿ ಪ್ರಯೋಗಾಲಯ ಶುರುವಾದದ್ದು ಒಳ್ಳೆಯ ಹೆಜ್ಜೆ.

ಆದರೂ ಸಮೀಕ್ಷೆಯ ಪ್ರಶ್ನೆಪತ್ರಿಕೆ ತಲುಪುವುದು ನಿಲ್ದಾಣಕ್ಕೆ ಬಂದವರನ್ನು. ಹೆದರಿ ರಾತ್ರಿ ಪಾಳಿಯ ಕೆಲಸವನ್ನೇ ಬಿಟ್ಟವಳು ಯಾವ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಾಳೆ? ನಿಲ್ದಾಣಗಳ ನಡುವಿನ ದಾರಿಯೂ ಹೀಗೆಯೇ ಲೆಕ್ಕದಿಂದ ಹೊರಗೆ. 2023ರ ಡಿಸೆಂಬರ್ 30ರಂದು ಚೆನ್ನೈ ಹೊರವಲಯದ ಕಿಲಾಂಬಾಕ್ಕಂ ಬಸ್ ನಿಲ್ದಾಣ ಉದ್ಘಾಟನೆಯಾದಾಗ ಅದಕ್ಕೆ ಅಂಟಿದ ರೈಲು ನಿಲ್ದಾಣ ಇರಲಿಲ್ಲ, ಹತ್ತಿರದ್ದೆಂದರೆ ವಂಡಲೂರು. ನಗರದ ಸಾರಿಗೆಯನ್ನೆಲ್ಲ ಒಂದು ಸೂರಿನಡಿ ತರಲೆಂದೇ ಇರುವ ಕುಮ್ಟಾ ಪ್ರಾಧಿಕಾರ ರಾತ್ರಿಯ ಆಡಿಟ್ ಮಾಡಿಸುವುದಾದರೆ ಕಿಲಾಂಬಾಕ್ಕಂನ ಗೇಟಿನಿಂದ ವಂಡಲೂರಿನ ಟಿಕೆಟ್ ಕೌಂಟರಿನವರೆಗೆ ನಡೆದು ಮಾಡಿಸಲಿ.