ಹತ್ತಡಿ ಮನೆ, ಎರಡು ಗಾಡಿ

ಕಳೆದ ತಿಂಗಳು ಬಾಡಿಗೆ ಮನೆ ಬದಲಾಯಿಸಿದೆ. ಟೆಂಪೋ ಮೂರು ಟ್ರಿಪ್ ಹೊಡೆಯಿತು. ಇರುವುದು ನಾನೊಬ್ಬನೇ! ಸಾಮಾನು ಏರಿಸುವಾಗ ನೆನಪಾದವನು ಜಪಾನಿನ ಕವಿ ಕಮೋ ನೋ ಚೋಮೇ.

1177ರಲ್ಲಿ ಅವನ ಊರು, ರಾಜಧಾನಿ ಕ್ಯೋಟೋಗೆ ಬೆಂಕಿ ಬಿತ್ತು. ಆಮೇಲೆ ಸುಂಟರಗಾಳಿ, ಬರ, 1185ರಲ್ಲಿ ಭೂಕಂಪ. ಎಲ್ಲ ಕಂಡವನು ಐವತ್ತರ ಹೊತ್ತಿಗೆ ಸನ್ಯಾಸಿಯಾದ. ಅರವತ್ತರ ಹತ್ತಿರ ಹಿನೋ ಬೆಟ್ಟದಲ್ಲಿ ಗುಡಿಸಲು ಕಟ್ಟಿದ. ಉದ್ದಗಲ ಸುಮಾರು ಹತ್ತತ್ತಡಿ, ಎತ್ತರ ಏಳಡಿಗೂ ಕಮ್ಮಿ. ಕೀಲುಗಳಿಗೆ ಕೊಂಡಿ, ಜಾಗ ಬೇಡವೆನಿಸಿದರೆ ಬಿಚ್ಚಿ ಎರಡು ಗಾಡಿಗೆ ಹೇರಿದರಾಯಿತು! ಒಳಗೆ ಅಮಿತಾಭ ಬುದ್ಧನ ಪಟ, ಪುಸ್ತಕದ ಮೂರು ಬುಟ್ಟಿ, ಎರಡು ತಂತಿವಾದ್ಯ, ಜರಿಗಿಡದ ಹಾಸಿಗೆ... ಹೆಚ್ಚುಕಮ್ಮಿ ಇಷ್ಟೇ.

ನಾವೀಗ ಮಿನಿಮಲಿಸಂ ಅಂತ ದುಡ್ಡು ಕೊಟ್ಟು ಮನೆ ಖಾಲಿ ಮಾಡಿಸುತ್ತೇವೆ. ಅವನಿಗೆ ಇದನ್ನು ಕಲಿಸಿದ್ದು ಸುಟ್ಟ ಊರು.

1212ರಲ್ಲಿ ಬರೆದ 'ಹೋಜೋಕಿ'ಯ ಕೊನೆಗೆ ಅವನಿಗೇ ಅನುಮಾನ: ಈ ಗುಡಿಸಲನ್ನು ಇಷ್ಟು ಹಚ್ಚಿಕೊಂಡಿದ್ದೂ ಮೋಹವೇ ತಾನೇ? ಅವನ ಮನಸ್ಸು ಉತ್ತರ ಕೊಡುವುದಿಲ್ಲ.

ನಾನೂ ಹೊಸ ಮನೆಗೆ ಬಂದಮೇಲೆ ಹಳೇ ಮಾನಿಟರ್, ಕ್ಯಾಸೆಟ್ಟು, ಕಾಲೇಜಿನ ನೋಟ್ಸು ಎಲ್ಲ ಗುಜರಿಗೆ ಹಾಕಿದೆ. ಅಜ್ಜಿಯ ತಗಡಿನ ಟ್ರಂಕು ಮಾತ್ರ ಕೊಡಲಾಗಲಿಲ್ಲ. ಅದರಲ್ಲಿ ಏನೂ ಇಲ್ಲ. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ, ಅಷ್ಟೇ.

ನಿಮ್ಮ ಮನೆಯಲ್ಲಿ ಹಾಗೆ ಉಳಿದಿರುವುದು ಯಾವುದು?