ಮುಳಬಾಗಿಲಿನ ವಿಮಾನ

ಮುಳಬಾಗಿಲಿಗೆ ಹೋದವರು ದೋಸೆ ತಿನ್ನದೆ ಬರಬಾರದು. 2021ರ ಜುಲೈನಲ್ಲಿ ತಂಗಿಯ ಮನೆಗೆ ಹೋದ ನಾನು ತಟ್ಟೆಯ ದೋಸೆ ತಣ್ಣಗಾಗುವವರೆಗೂ ವಿಮಾನದ ಪುಸ್ತಕ ಓದುತ್ತಾ ಕೂತಿದ್ದೆ ಎಂದರೆ ಯಾರು ನಂಬುತ್ತಾರೆ? ಲಾಕ್‌ಡೌನ್ ಸಡಿಲವಾಗಿತ್ತು, ಕೋಲಾರದಲ್ಲಿ ನಮ್ಮ ಶಾಲೆ ಇನ್ನೂ ಬಾಗಿಲು ತೆರೆದಿರಲಿಲ್ಲ. ತಂಗಿಯ ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ. ಸಂಜೆಯಾದರೆ ಅದೇ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಿದ್ದ. ಆಟ ಎಂದರೆ ಅವನಿಗೆ ಸಿಟ್ಟು, ಸಿಮ್ಯುಲೇಟರ್ ಎನ್ನಬೇಕು. ಅದರ ಜೊತೆ ಬರುವ ವಿಮಾನಗಳು ಸಾಲದೆಂದು ಬೇರೆಯವರು ತಯಾರಿಸಿದ ದೊಡ್ಡ ಪ್ರಯಾಣಿಕ ವಿಮಾನವನ್ನು ಸೇರಿಸಿಕೊಂಡಿದ್ದ. ಇದಕ್ಕೆ ಆಡ್‌ಆನ್ ಎಂದು ಹೆಸರು. ನಾವು ಹೊಲಿಗೆ ಯಂತ್ರಕ್ಕೆ ಕಸೂತಿಯ ಪಾದವನ್ನು ಬೇರೆಯಾಗಿ ತಂದು ಹಾಕುವುದಿಲ್ಲವೇ, ಹಾಗೆ.

ಅವನ ವಿಮಾನ ಏರ್‌ಬಸ್ ಎ–320. ಏರುವುದು ಚೆನ್ನಾಗಿಯೇ ಏರುತ್ತಿತ್ತು. ಇಳಿಯುವಾಗ ಮಾತ್ರ ವೇಗ ಕುಸಿದು ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತಿತ್ತು. ಮೂರು ಸಲ ಅಳಿಸಿ ಮತ್ತೆ ಹಾಕಿದ್ದನಂತೆ. "ಜೊತೆಗೆ ಕೊಟ್ಟ ಪುಸ್ತಕ ಓದಿದೆಯಾ?" ಎಂದೆ. "ಅದನ್ನು ಯಾರು ಓದುತ್ತಾರೆ ದೊಡ್ಡಮ್ಮ?" ಎಂದ. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳಿಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡಕ ಹಾಕಿಕೊಂಡು ನಾನೇ ಕೂತೆ.

ಓದುತ್ತಾ ಹೋದಂತೆ ಈ ವಿದ್ಯೆಯ ಹುಟ್ಟನ್ನೂ ಹುಡುಕಿದೆ. ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ಅಮೆರಿಕದಲ್ಲಿ ಮಾಡಿದವನು ಎಡ್ವಿನ್ ಲಿಂಕ್. ಅವನ ತಂದೆಯದು ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿ ಇರುವಂಥ ತಿದಿಗಳ ಮೇಲೆ ಪುಟ್ಟ ವಿಮಾನವೊಂದನ್ನು ಕೂರಿಸಿ, ಗಾಳಿ ತುಂಬಿ, ತೆಗೆದು, ಅದು ವಾಲುವಂತೆ ಮಾಡಿದ. 1931ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಮೊದಲು ಕೊಂಡವರಲ್ಲಿ ಜಾತ್ರೆಯಂಥ ಮನರಂಜನೆಯ ತಾಣದವರೂ ಇದ್ದರು! 1934ರಲ್ಲಿ ಅಂಚೆ ಹೊತ್ತ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೇನೆ 6 ಯಂತ್ರ ಕೊಂಡಿತು. ಮರುವರ್ಷ, 1935ರ ಅಕ್ಟೋಬರ್ 30ರಂದು, ಬೋಯಿಂಗ್‌ನ ಹೊಸ ದೊಡ್ಡ ವಿಮಾನ ಪರೀಕ್ಷೆಯಲ್ಲೇ ಬಿತ್ತು. ನಿಂತಿದ್ದಾಗ ಗಾಳಿಗೆ ರೆಕ್ಕೆ ಬಾಲಗಳ ಪಟ್ಟಿಗಳು ಬಡಿದಾಡದಿರಲೆಂದು ಹಾಕುವ ಬೀಗವನ್ನು ಬಿಚ್ಚಲು ಮರೆತಿದ್ದರು. ಅಲ್ಲಿಂದ ಪೈಲಟ್ ಕೈಗೆ ಚೆಕ್‌ಲಿಸ್ಟ್ ಬಂತು. ಮದುವೆ ಮನೆಯ ಸಾಮಾನಿನ ಚೀಟಿಯಂತೆ ಒಂದೊಂದನ್ನೇ ಕೂಗಿ ಹೇಳಿ ಮುಂದೆ ಹೋಗಬೇಕು. 1980ರ ಸುಮಾರಿಗೆ ಬ್ರೂಸ್ ಆರ್ಟ್‌ವಿಕ್ ಹಾರಾಟವನ್ನು ಮನೆಯ ಕಂಪ್ಯೂಟರಿಗೆ ತಂದರು. 1982ರಲ್ಲಿ ಅದು ಮೈಕ್ರೋಸಾಫ್ಟ್ ಹೆಸರಿನಲ್ಲಿ ಬಂತು.

ನಮ್ಮ ಹುಡುಗನ ತೊಂದರೆ ಪುಸ್ತಕದಲ್ಲೇ ಇತ್ತು. ಮೇಜಿನ ಮೇಲಿನ ಥ್ರಾಟಲ್ ಎಂಬ ಹಿಡಿ ಯಾವ ಜಾಗದಲ್ಲಿದ್ದರೆ ಏನು ಅರ್ಥವೆಂದು ವಿಮಾನಕ್ಕೆ ಮೊದಲೇ ಕಲಿಸಬೇಕು. ಅವನು ಕಲಿಸಿರಲಿಲ್ಲ. ಅವನು ಒಂದು ಕಡೆ ಇಟ್ಟರೆ ಅದು ಬೇರೆ ಕಡೆ ಎಂದು ತಿಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ. ಆದರೆ ಅದರ ಕೆಳಗಿನ ಮಾತು ಓದಿ ನಾನು ಸುಮ್ಮನಾದೆ. ಬೇರೆ ಕೆಲವು ವಿಮಾನಗಳಲ್ಲಿ ಯಂತ್ರವೇ ಎಂಜಿನ್ ನಡೆಸುವಾಗ ಥ್ರಾಟಲ್ ತಾನಾಗಿ ಹಿಂದೆ ಮುಂದೆ ಸರಿಯುತ್ತದೆ, ಕೈಗೆ ಗೊತ್ತಾಗುತ್ತದೆ. ಎ–320ರಲ್ಲಿ ಅದು ಅಲ್ಲಾಡುವುದಿಲ್ಲ. ಎಂಜಿನ್ ಸೊರಗಿದೆಯೇ ಎಂಬುದನ್ನು ಕಣ್ಣಿನಿಂದಲೇ ನೋಡಿ ತಿಳಿಯಬೇಕು.

1990ರ ಫೆಬ್ರವರಿ 14. ನಾನಾಗ ಬಿ.ಎಡ್. ಓದುತ್ತಿದ್ದೆ, ಮಾಲೂರಿನಲ್ಲಿ ತಂದೆಯ ಮನೆಯಲ್ಲಿದ್ದೆ. ನಮ್ಮ ಬೀದಿಯವರೊಬ್ಬರು ಎಚ್.ಎ.ಎಲ್.ಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆ ರಾತ್ರಿ ಬರಲಿಲ್ಲ. ಮರುದಿನ ಬಂದವರು ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದರಂತೆ. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ–320 ವಿಮಾನ ಎಚ್.ಎ.ಎಲ್. ನಿಲ್ದಾಣದ ರನ್‌ವೇ ತಲುಪದೆ, ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಒಡ್ಡಿಗೆ ಹೊಡೆದು ಹೊತ್ತಿಕೊಂಡಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಆ ಜಾತಿಯ ವಿಮಾನ ನಮ್ಮ ದೇಶಕ್ಕೆ ಬಂದದ್ದೇ ಹಿಂದಿನ ವರ್ಷ.

ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ವಿಚಾರಣೆ ನಡೆಸಿದರು. ಇಳಿಯುವ ಹೊತ್ತಿನಲ್ಲಿ ಎಂಜಿನ್‌ಗಳು ಬರೀ ಉಸಿರು ಹಿಡಿದುಕೊಂಡಿದ್ದವು, ವೇಗ ಬೀಳುತ್ತಿತ್ತು. ಯಂತ್ರದ ದನಿ ಎತ್ತರ ಕೂಗುತ್ತಿದ್ದರೂ ಥ್ರಾಟಲ್ ಮುಂದೊತ್ತುವುದು ತಡವಾಯಿತು. ಇಳಿಯುವ ವೇಗದ ಗುಂಡಿಯ ಬದಲು ಪಕ್ಕದ ಎತ್ತರದ ಗುಂಡಿಯನ್ನು ತಿರುಗಿಸಿರಬಹುದು ಎಂಬ ಮಾತೂ ಬಂತು. ಪೈಲಟ್‌ಗಳದೇ ತಪ್ಪೆಂದು ಆಗ ಮಾಲೂರಿನ ಎಲ್ಲರಂತೆ ನಾನೂ ಹೇಳಿದ್ದೆ. ಈಗ ಹುಡುಗನ ಪರದೆಯಲ್ಲಿ ಅಕ್ಕಪಕ್ಕದ ಆ ಎರಡು ಗುಂಡಿಗಳನ್ನು ನೋಡಿದೆ. ನಾನು ಎಷ್ಟು ಸಲ ಹಾಲಿನ ಒಲೆ ಆರಿಸಲು ಹೋಗಿ ಸಾರಿನ ಒಲೆ ಆರಿಸಿಲ್ಲ! ಅಷ್ಟು ಹೊಸ ವಿಮಾನ, ಹಳೆಯ ಅಭ್ಯಾಸದ ಕೈ. ಸತ್ತವರ ಮೇಲೆ ತಪ್ಪು ಹೊರಿಸಲು ಹೆಚ್ಚು ಓದಬೇಕಾಗಿಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಹುಟ್ಟುವ ಮುಂಚಿನ ಕಥೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದ ಮೇಲೆ ಎಚ್.ಎ.ಎಲ್. ನಿಲ್ದಾಣ ಅವನಿಗೆ ಬರೀ ಹೆಸರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿಗೇ ಇಳಿಸಿ ನೋಡಲಾ ದೊಡ್ಡಮ್ಮ?" ಎಂದ. ಬೇಡವೆನ್ನಲು ಬಾಯಿ ತೆರೆದವಳು, "ಇಳಿಸು, ವೇಗ ನಾನು ಓದುತ್ತೇನೆ" ಎಂದೆ. ತಂಗಿ ಒಳಗಿನಿಂದ ಮತ್ತೆ ದೋಸೆಗೆ ಕರೆದಳು. ಪರದೆಯಲ್ಲಿ ಮೈದಾನದ ಹಸಿರು ಹತ್ತಿರ ಬರುತ್ತಿತ್ತು. ನಾನು ಕನ್ನಡಕ ಸರಿಪಡಿಸಿಕೊಂಡು ಕೂಗುತ್ತಿದ್ದೆ: 138... 137... 138.